ಕಲ್ಲಿನ ಹಿಡಿಕೆಯ ಕೋಲು

ಖಾನಾಪುರದ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಕೋಲುಂಟು. ಮೈ ಬೆತ್ತದ್ದು, ತುದಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಹೂಬಳ್ಳಿ ಕೆತ್ತಿದ ಬೆಳ್ಳಿಯ ಬಳೆ, ತಲೆಗೆ ಜೇನಿನ ಬಣ್ಣದ ಕಲ್ಲಿನ ಗುಂಡು. ಕಲ್ಲಿನೊಳಗೆ ಬಿಳಿಯ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿವೆ. 1947ರಲ್ಲಿ ಬೆಳಗಾವಿಯ ಕ್ಯಾಂಪಿನಲ್ಲಿ, ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬನ ಸಾಮಾನಿನ ಹರಾಜಿನಲ್ಲಿ ಅಜ್ಜ ಇದನ್ನು ಕೊಂಡರಂತೆ. ಎಷ್ಟಕ್ಕೆ ಕೊಂಡರೆಂಬುದನ್ನು ಅಜ್ಜಿಗೆ ಕೊನೆಯವರೆಗೂ ಹೇಳಲಿಲ್ಲ.

ಕಲ್ಲು ಅಗೇಟು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ಮೇಲೆ ಲಾವಾ ಹರಿದು ಆರಿದಾಗ ಅದರ ಒಡಲಲ್ಲಿ ಗಾಳಿಗುಳ್ಳೆಗಳು ಉಳಿದವು. ಸಿಲಿಕಾ ಕರಗಿದ ನೀರು ಅವುಗಳಲ್ಲಿ ಇಳಿದು ಪದರಪದರವಾಗಿ ಹೆಪ್ಪುಗಟ್ಟಿದ್ದೇ ಈ ಕಲ್ಲು. ಚಾಕುವಿನ ಮೊನೆಗೂ ಗೀರು ಬೀಳದು. ಆ ಶಿಲಾಪ್ರವಾಹದ ದಕ್ಷಿಣದ ಅಂಚು ನಮ್ಮ ಬೆಳಗಾವಿಯ ಸೀಮೆಯೇ. ಆದರೆ ಇಂಥ ಕಲ್ಲನ್ನು ಕಡೆದು ಹೆಸರಾದವರು ಗುಜರಾತಿನ ಖಂಬಾತಿನವರು. ಅವರ ಮಾತಿನಲ್ಲಿ ಇದು ಅಕೀಕ್. ರತನಪುರದ ಗಣಿಯ ಕಲ್ಲನ್ನು ಬಿಸಿಲಿಗೊಡ್ಡಿ, ಮಣ್ಣಿನ ಮಡಕೆಯಲ್ಲಿಟ್ಟು ಕಾಯಿಸಿ ಕೆಂಪೇರಿಸುವರು. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಅದನ್ನು ಆನಿಸಿ, ಕೊಂಬಿನ ಸುತ್ತಿಗೆಯಿಂದ ಬಡಿದು ಚಕ್ಕೆಯೆಬ್ಬಿಸುವರು. ಮಣಿ, ಬಟ್ಟಲು, ಚೂರಿಯ ಹಿಡಿ, ಕೋಲಿನ ತಲೆ ಎಲ್ಲವೂ ಅಲ್ಲಿಂದ ಹಡಗೇರಿ ಯುರೋಪಿಗೆ ಹೋಗುತ್ತಿದ್ದವು.

ಕಳೆದ ಮಳೆಗಾಲದಲ್ಲಿ ತಂದೆಯವರು ಅಂಗಳದಲ್ಲಿ ಜಾರಿಬಿದ್ದರು. ಕೋಲು ಹಿಡಿಯಲೇಬೇಕೆಂದು ವೈದ್ಯರು ಹೇಳಿದಾಗ ನಾನು ಹಿಗ್ಗಿನಿಂದಲೇ ಅಜ್ಜನ ಕೋಲನ್ನು ಒರೆಸಿ ತಂದುಕೊಟ್ಟೆ. ಅಜ್ಜ ಎತ್ತರದ ಆಳು. ಇಳಿಬಿಟ್ಟ ಕೈಯ ಮಣಿಕಟ್ಟಿನ ಮಟ್ಟಕ್ಕೆ ಬರಬೇಕಾದ ಹಿಡಿಕೆ ತಂದೆಯವರಿಗೆ ನಾಲ್ಕು ಬೆರಳು ಮೇಲಾಯಿತು. ಕೆಳಗಿಂದ ಕೊಯ್ಯಿಸೋಣವೆಂದು ಬಡಿಗನನ್ನು ಕರೆಸಿದೆ. ಅವನು ಗರಗಸ ತೆಗೆದಾಗ ‘ತಡಿ’ ಎಂದವನೂ ನಾನೇ. ಈ ನಡುವೆ ತಂದೆಯವರು ಗುಂಡನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಬೆವರಿದ ಕೈಗೆ ಅದು ಜಾರಿತು. ಗುಂಡನ್ನು ಬೆತ್ತಕ್ಕೆ ಕೂಡಿಸಿದ ಅರಗೂ ಹಳತಾಗಿ ಸಡಿಲಿತ್ತು.

‘ಇದು ಬಿದ್ದರ ಒಡೀತದಂತ ನಾ ಇದನ್ನ ಕಾಯಬೇಕೋ, ನಾ ಬೀಳಬಾರದಂತ ಇದು ನನ್ನ ಕಾಯಬೇಕೋ?’ ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗಾವಿಯನ್ನು ಶಾಸನಗಳು ವೇಣುಗ್ರಾಮವೆಂದು, ಎಂದರೆ ಬಿದಿರಿನ ಊರೆಂದು ಕರೆದಿವೆಯೆಂದು ವರ್ಷವರ್ಷವೂ ಪಾಠ ಹೇಳುವವನಿಗೆ ಬಿದಿರು ನೆನಪಾಗಲಿಲ್ಲ! ಮಂಜೇಶ್ವರದ ಗೋವಿಂದ ಪೈಗಳು ಕಾಕಾ ಕಾಲೇಲ್ಕರರಿಗೆ ಕೊಟ್ಟು, ಅವರಿಂದ ಗಾಂಧೀಜಿಯವರ ಕೈಸೇರಿ 1930ರಲ್ಲಿ ದಂಡಿಯವರೆಗೆ ನಡೆದ ಕೋಲೂ ಬಿದಿರಿನದೇ. ಬಡಿಗನೇ ಮರುದಿನ ಗಟ್ಟಿ ಬಿದಿರೊಂದನ್ನು ಅಳತೆಗೆ ಕೊಯ್ದು, ಅಡಿಗೆ ರಬ್ಬರು ಹಾಕಿ ತಂದ. ತಂದೆಯವರು ಅದನ್ನೂರಿ ಮಲಪ್ರಭೆಯ ದಂಡೆಯವರೆಗೆ ಹೋಗಿಬಂದರು.

ಅವರು ಹೊರಗಿದ್ದಾಗ ಅಜ್ಜನ ಕೋಲನ್ನು ತಿರುವಿ ನೋಡಿದೆ. ಹಿತ್ತಾಳೆಯ ಅಣಸು ಸವೆದೇ ಇಲ್ಲ. ಕಾಲು ಸೋತ ಕೊನೆಯ ವರ್ಷದಲ್ಲಿ ಅಜ್ಜ ಗೋಡೆ ಹಿಡಿದು ನಡೆದರೇ ಹೊರತು ಇದನ್ನು ಊರಲಿಲ್ಲ. ಸಂಜೆ ಕಟ್ಟೆಯ ಮೇಲೆ ಇದನ್ನು ಮೊಳಕಾಲ ನಡುವೆ ನಿಲ್ಲಿಸಿಕೊಂಡು ಕೂತಿರುತ್ತಿದ್ದರು. ಬೆಳ್ಳಿಯ ಬಳೆಯ ಹೂಬಳ್ಳಿ ಮಾತ್ರ, ಹೆಬ್ಬೆರಳು ತಾಗುವೆಡೆಯಲ್ಲಿ, ಅಳಿಸಿಹೋಗಿದೆ.