ಗಂಡಸು ಸೀರೆ ಉಟ್ಟರೆ: ಏಳು ತಪ್ಪು ಕಲ್ಪನೆ, ಏಳು ವಾಸ್ತವ

2021ರ ಜನವರಿಯಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗ ಅಂಜನಾಪುರದ ಅಂಚಿಗೆ ಬಂತು. ಈ ತುದಿಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆ ಎಂದು ಹೆಸರು. ಇಲ್ಲಿಂದ ಬನಶಂಕರಿ, ಜಯನಗರ, ನ್ಯಾಷನಲ್ ಕಾಲೇಜು ದಾಟಿ ಪೇಟೆಯ ಕಡೆ ಹೋಗುವ ರೈಲಿನಲ್ಲಿ ಉಗುರಿಗೆ ಬಣ್ಣ ಹಚ್ಚಿದ, ಮೂಗುತಿ ಇಟ್ಟ, ಕಾಡಿಗೆ ತೀಡಿದ ಹುಡುಗರು ಈಗ ಕಾಣಸಿಗುತ್ತಾರೆ. ಆಗೊಮ್ಮೆ ಈಗೊಮ್ಮೆ ಸೀರೆ ಉಟ್ಟವರೂ ಇರುತ್ತಾರೆ. ಅಂಥವರನ್ನು ಕೆಲವರು ಒಮ್ಮೆ ನೋಡಿ ಸುಮ್ಮನಾಗುತ್ತಾರೆ, ಕೆಲವರು ಮೊಬೈಲ್ ಎತ್ತುತ್ತಾರೆ, ಇನ್ನು ಕೆಲವರು ಅವರಿಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಾರೆ. ಆ ಮಾತುಗಳ ಹಿಂದೆ ಕೇಡಿಗಿಂತ ಹೆಚ್ಚಾಗಿ ತಪ್ಪು ತಿಳಿವಳಿಕೆಯೇ ಇದೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇದು ಹೊರದೇಶದಿಂದ ಬಂದ ಖಯಾಲಿ, ನಮ್ಮದಲ್ಲ.

ವಾಸ್ತವ: ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನು ಕಂಡವರು ಈ ಮಾತು ಆಡಲಾರರು. ಹೂವಿನ ಕರಗವನ್ನು ತಲೆಯ ಮೇಲೆ ಹೊತ್ತು ಬರುವವರು ತಿಗಳ ಸಮುದಾಯದ ಗಂಡಸು. ಅವರು ಉಟ್ಟಿರುವುದು ಸೀರೆ. ಕೈಯಲ್ಲಿ ಬಳೆ, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಮಾಂಗಲ್ಯ. ಆ ರಾತ್ರಿ ಅವರೇ ದ್ರೌಪದಿ. ಸುತ್ತ ಕತ್ತಿ ಹಿರಿದ ವೀರಕುಮಾರರು, ದಾರಿಯುದ್ದಕ್ಕೂ ಮಲ್ಲಿಗೆ ಎರಚಿ ಕೈಮುಗಿಯುವ ಜನ. ಆ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ.

ತುಳುನಾಡಿಗೆ ಹೋದರೆ ಜುಮಾದಿ ದೈವಕ್ಕೆ ಗಂಡಿನ ಮೀಸೆಯೂ ಉಂಟು, ಹೆಣ್ಣಿನ ಎದೆಗವಚವೂ ಉಂಟು. ದೈವ ಕಟ್ಟಿದವರ ಮುಂದೆ ಊರಿನ ಗುತ್ತಿನ ಮನೆತನದ ಯಜಮಾನರೂ ತಲೆಬಾಗುತ್ತಾರೆ. ಆಂಧ್ರದ ತಿರುಪತಿಯಲ್ಲಿ ಗಂಗಮ್ಮನ ಜಾತ್ರೆಗೆ ಗಂಡಸರು ಹೆಣ್ಣುಡುಗೆ ತೊಟ್ಟು ಹರಕೆ ತೀರಿಸುತ್ತಾರೆ. 2024ರ ಕೊನೆಯಲ್ಲಿ ಬಂದ ‘ಪುಷ್ಪ 2’ ಚಿತ್ರದಲ್ಲಿ ನಾಯಕ ಅಲ್ಲು ಅರ್ಜುನ್ ಸೀರೆ ಉಟ್ಟು ಕುಣಿದದ್ದು ಇದೇ ಆಚರಣೆಯನ್ನು ಹಿಡಿದು. ಆ ದೃಶ್ಯಕ್ಕೆ ಬೆಂಗಳೂರಿನ ಚಿತ್ರಮಂದಿರಗಳಲ್ಲೂ ಶಿಳ್ಳೆ ಬಿತ್ತು.

ಹೊರಗಿನಿಂದ ಬಂದದ್ದು ಉಡುಗೆಗೆ ಶಿಕ್ಷೆ ಕೊಡುವ ಕಾನೂನು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ಯಲ್ಲಿ ಹಿಜ್ರಾಗಳ ಮೇಲೆ ಒಂದು ಪ್ರತ್ಯೇಕ ಭಾಗವೇ ಇತ್ತು. ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಅವರ ಹೆಸರುಗಳನ್ನು ಪಟ್ಟಿ ಮಾಡಿದರು. ಪಟ್ಟಿಯಲ್ಲಿದ್ದವರು ಹೆಣ್ಣಿನಂತೆ ಉಟ್ಟು ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದಿತ್ತು, ಎರಡು ವರ್ಷದವರೆಗೆ ಜೈಲಿಗೂ ಹಾಕಬಹುದಿತ್ತು.

ತಪ್ಪು ಕಲ್ಪನೆ 2: ದೇವರ ಕೆಲಸ ಬೇರೆ, ನಾಟಕ ಬೇರೆ. ಆ ಉಡುಗೆಗೂ ದಿನದ ಬದುಕಿಗೂ ಸಂಬಂಧವಿಲ್ಲ.

ವಾಸ್ತವ: ಈ ಮಾತಿನಲ್ಲಿ ಅರ್ಧ ನಿಜವಿದೆ. ಯಕ್ಷಗಾನದಲ್ಲಿ, ಕಂಪನಿ ನಾಟಕಗಳಲ್ಲಿ ಗಂಡಸರು ಹೆಣ್ಣಾದದ್ದಕ್ಕೆ ಸಮಾಜದ ಉದಾರತೆ ಕಾರಣವಲ್ಲ. ಹೆಂಗಸರು ರಂಗಕ್ಕೆ ಬರಬಾರದು ಎಂಬ ಕಟ್ಟುಪಾಡೇ ಕಾರಣ. ಅದನ್ನು ಮುಚ್ಚಿಡಬಾರದು.

ಆದರೆ ಆ ಕಲಾವಿದರ ಸಾಧನೆ ರಂಗದಲ್ಲೇ ಮುಗಿಯಲಿಲ್ಲ. ಯಕ್ಷಗಾನ ಕಲಾವಿದ, ಕಾಸರಗೋಡಿನ ಕೋಳ್ಯೂರು ರಾಮಚಂದ್ರ ರಾವ್ ಅವರ ಸ್ತ್ರೀವೇಷವನ್ನು ಹೆಂಗಸರೇ ಕಣ್ತುಂಬಿಕೊಳ್ಳುತ್ತಿದ್ದರು. ಪಾತಾಳ ವೆಂಕಟರಮಣ ಭಟ್ಟರು ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ತಮ್ಮ ವೇಷದ ಆಭರಣಗಳನ್ನು ತಿದ್ದಿಕೊಂಡರು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜತೆಗೂಡಿ ಕಟ್ಟಿದ ‘ಭಾಮಿನಿ’ ಯಕ್ಷಗಾನ ಪ್ರಯೋಗದಲ್ಲಿ ಒಬ್ಬ ಗಂಡಸೇ ಇಡೀ ರಂಗವನ್ನು ಹೆಣ್ಣಿನ ಮನಸ್ಸಿನಿಂದ ತುಂಬುತ್ತಾನೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಸೀರೆ ಉಟ್ಟ ರೀತಿ, ಹೂ ಮುಡಿದ ರೀತಿಯನ್ನು ಆ ಕಾಲದ ಮನೆತನಸ್ಥ ಹೆಂಗಸರು ಅನುಸರಿಸಿದರು.

ದಿನದ ಬದುಕಿನಲ್ಲೂ ಇದಕ್ಕೆ ಜಾಗವಿದೆ. ಚಿಕ್ಕಪೇಟೆಯ, ಜಯನಗರದ ಸೀರೆ ಅಂಗಡಿಗಳಲ್ಲಿ ಮಾರುವ ಹುಡುಗ ಸೆರಗನ್ನು ತನ್ನ ಹೆಗಲಿಗೇ ಹಾಕಿ, ನೆರಿಗೆ ಹಿಡಿದು ತೋರಿಸುತ್ತಾನೆ. ಅದನ್ನು ನೋಡಿಯೇ ನಾವು ಸೀರೆ ಆರಿಸುತ್ತೇವೆ. ದೇವಿಯ ಗುಡಿಗಳಲ್ಲಿ ಅಮ್ಮನವರಿಗೆ ನೆರಿಗೆ ಕೂರಿಸಿ ಸೀರೆ ಉಡಿಸುವ ಕೈ ಸಾಮಾನ್ಯವಾಗಿ ಗಂಡಸು ಅರ್ಚಕರದು. ಅಲ್ಲಿ ಯಾರ ಕಣ್ಣಿಗೂ ಅದು ಚುಚ್ಚುವುದಿಲ್ಲ.

ತಪ್ಪು ಕಲ್ಪನೆ 3: ಸೀರೆ ಉಟ್ಟ ಗಂಡಸು ಎಂದರೆ ಸಲಿಂಗಿ, ಇಲ್ಲವೇ ಟ್ರಾನ್ಸ್‌ಜೆಂಡರ್.

ವಾಸ್ತವ: ಯಾರನ್ನು ಪ್ರೀತಿಸುತ್ತೇವೆ, ಒಳಗೆ ನಾವು ಯಾರು, ಮೈಮೇಲೆ ಏನು ಉಡುತ್ತೇವೆ ಎಂಬಿವು ಮೂರು ಬೇರೆ ಸಂಗತಿಗಳು. ಸ್ತ್ರೀವೇಷದ ಎಷ್ಟೋ ಕಲಾವಿದರು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡಿದವರು. ಪ್ಯಾಂಟು ಬಿಟ್ಟು ಬೇರೇನೂ ಹಾಕದ ಸಲಿಂಗಿಗಳೂ ಇದ್ದಾರೆ.

ಇನ್ನೊಂದು ಎಚ್ಚರವೂ ಬೇಕು. ಜೋಗತಿ ನೃತ್ಯದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಸ್ವೀಕರಿಸುವಾಗ ಅವರು ರಾಷ್ಟ್ರಪತಿಯವರಿಗೆ ಜೋಗತಿಯರ ಪದ್ಧತಿಯಂತೆ ದೃಷ್ಟಿ ತೆಗೆದು ಹರಸಿದ್ದನ್ನು ದೇಶವೇ ನೋಡಿತು. ಅವರನ್ನು ‘ಸೀರೆ ಉಟ್ಟ ಗಂಡಸು’ ಎನ್ನುವುದು ತಪ್ಪು. ಅವರು ಮಹಿಳೆ, ಸೀರೆ ಅವರದೇ ಉಡುಗೆ. ಸೀರೆಯನ್ನು ಇಷ್ಟಪಟ್ಟು ಉಡುವ ಗಂಡಸು, ವೇಷ ಕಟ್ಟುವ ಕಲಾವಿದ, ಟ್ರಾನ್ಸ್ ಮಹಿಳೆ, ಈ ಮೂವರನ್ನೂ ಒಂದೇ ಚೀಲಕ್ಕೆ ತುಂಬಿದರೆ ಮೂವರಿಗೂ ಅನ್ಯಾಯ. ಅವರು ಯಾರೆಂಬುದನ್ನು ಅವರೇ ಹೇಳಲಿ, ನಾವು ಕೇಳಿಸಿಕೊಳ್ಳೋಣ.

ತಪ್ಪು ಕಲ್ಪನೆ 4: ಹೀಗೆ ಬೀದಿಗೆ ಬಂದರೆ ಪೊಲೀಸರು ಹಿಡಿಯಬಹುದು.

ವಾಸ್ತವ: ಗಂಡಸು ಸೀರೆ ಉಡುವುದು ಅಪರಾಧವಲ್ಲ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತನ್ನ ಲಿಂಗಗುರುತನ್ನು ಉಡುಗೆ, ಮಾತು, ನಡೆಯ ಮೂಲಕ ತೋರುವುದು ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ. ಬೇರೊಬ್ಬರಂತೆ ನಟಿಸಿ ಮೋಸ ಮಾಡಿದರೆ ಅದು ಅಪರಾಧ. ಅಲ್ಲಿ ಶಿಕ್ಷೆ ಮೋಸಕ್ಕೆ, ಬಟ್ಟೆಗಲ್ಲ.

ಆದರೂ ಹೆದರಿಕೆಗೆ ಕಾರಣವಿಲ್ಲದಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಹಿಜ್ರಾಗಳ ಪಟ್ಟಿ ಇಟ್ಟು ನಿಗಾ ವಹಿಸುವ ಅಧಿಕಾರ ಕೊಡಲಾಯಿತು. 1871ರ ಕಾಯ್ದೆಯ ನೆರಳು ಅದರ ಮೇಲೆ ಬಿದ್ದಿತ್ತು. ಸಮುದಾಯದವರು ಹೈಕೋರ್ಟ್ ಮೆಟ್ಟಿಲೇರಿ ಹೋರಾಡಿದ ಮೇಲೆ ಆ ಕಲಮಿನಿಂದ ಅವರನ್ನು ಹೆಸರಿಸಿದ ಪದವನ್ನು ತೆಗೆಯಲಾಯಿತು.

ತಪ್ಪು ಕಲ್ಪನೆ 5: ಇದೊಂದು ಮನೋರೋಗ. ನೋಡಿದ ಮಕ್ಕಳೂ ಹಾಗೇ ಆಗುತ್ತಾರೆ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ರೋಗಪಟ್ಟಿಯಲ್ಲಿ ಇನ್ನೊಂದು ಲಿಂಗದ ಉಡುಗೆ ತೊಡುವುದಕ್ಕೆ ಸಂಬಂಧಿಸಿದ ರೋಗನಾಮಗಳು ಇದ್ದವು ನಿಜ. 2022ರಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ ಅವು ಇಲ್ಲ. ಮಕ್ಕಳ ವಿಚಾರಕ್ಕೆ ನಮ್ಮ ಮನೆಯ ಆಲ್ಬಮ್ಮುಗಳೇ ಸಾಕ್ಷಿ. ಮುಡಿ ಕೊಡುವ ಮುಂಚೆ ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ ಫೋಟೊ ತೆಗೆಸದ ಮನೆಗಳು ಎಷ್ಟಿವೆ? ಆ ಮಕ್ಕಳೆಲ್ಲ ತಮ್ಮ ತಮ್ಮ ಸ್ವಭಾವದಂತೆಯೇ ಬೆಳೆದಿದ್ದಾರೆ. ಮಗು ಕಲಿಯುವುದು ಎದುರಿಗಿದ್ದವರ ಉಡುಗೆಯನ್ನಲ್ಲ, ಅವರನ್ನು ನೋಡಿ ಅಪ್ಪ ಅಮ್ಮ ಮಾಡುವ ಮುಖವನ್ನು.

ತಪ್ಪು ಕಲ್ಪನೆ 6: ಕಾಲ ಬದಲಾಗಿದೆ, ಈಗ ಯಾರೂ ಏನೂ ಅನ್ನುವುದಿಲ್ಲ.

ವಾಸ್ತವ: ಬದಲಾಗಿರುವುದು ಹೌದು. 2008ರ ಜೂನ್‌ನಲ್ಲಿ ಬೆಂಗಳೂರಿನ ಮೊದಲ ಪ್ರೈಡ್ ನಡಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಪುರಭವನಕ್ಕೆ ಸಾಗಿತು. ‘ನಾನು ಅವನಲ್ಲ... ಅವಳು’ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ರಾಷ್ಟ್ರೀಯ ಪ್ರಶಸ್ತಿ ಪಡೆದರು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದಾಯಿತು.

ಆದರೆ ಪರದೆಯ ಮೇಲೆ ನೋಡಿ ಚಪ್ಪಾಳೆ ತಟ್ಟುವವರೇ ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ‘ಫ್ಯಾಮಿಲಿಗೆ ಮಾತ್ರ’ ಅನ್ನುತ್ತಾರೆ. ಮೆಚ್ಚಿದ ನಟ ಸ್ಕರ್ಟ್ ತೊಟ್ಟರೆ ಸ್ಟೈಲ್, ಪಕ್ಕದ ಮನೆ ಹುಡುಗ ತೊಟ್ಟರೆ ಅವನ ತಾಯಿಗೆ ತಲೆ ಎತ್ತಿ ನಡೆಯಲಾಗದಂಥ ಮಾತು. ದುಡ್ಡು, ಹೆಸರು, ಸ್ವಂತ ಕಾರು ಇದ್ದವರಿಗೆ ಸಿಕ್ಕಿರುವ ಸ್ವಾತಂತ್ರ್ಯ ರಾತ್ರಿಯ ಕೊನೆಯ ಬಸ್ಸಿಗೆ ಕಾಯುವವರಿಗೆ ಇನ್ನೂ ಸಿಕ್ಕಿಲ್ಲ.

ತಪ್ಪು ಕಲ್ಪನೆ 7: ಹೆಣ್ಣುಡುಗೆ ಗಂಡಸುತನಕ್ಕೆ ಅವಮಾನ.

ವಾಸ್ತವ: ಉಳಿದ ಆರಕ್ಕೂ ಬೇರು ಇದೇ. ಹೆಣ್ಣುಮಕ್ಕಳು ಪ್ಯಾಂಟು, ಶರ್ಟು ತೊಟ್ಟಾಗ ಮೊದಮೊದಲು ‘ಗಂಡುಬೀರಿ’ ಅಂದರು. ಆಮೇಲೆ ಅದೇ ಧೈರ್ಯವಾಯಿತು, ಈಗ ಅದು ಮಾತಿಗೇ ಬರದಷ್ಟು ಸಹಜ. ಗಂಡುಮಗ ಸೀರೆ ಉಟ್ಟರೆ ಮಾತ್ರ ಇಂದಿಗೂ ಮನೆಯ ಮಾನ ಹೋಯಿತು ಅನ್ನುತ್ತೇವೆ. ಹೆಣ್ಣು ಗಂಡಿನ ಬಟ್ಟೆ ತೊಟ್ಟರೆ ಮೇಲೇರಿದಳು, ಗಂಡು ಹೆಣ್ಣಿನ ಬಟ್ಟೆ ತೊಟ್ಟರೆ ಕೆಳಗಿಳಿದ ಎಂಬ ಲೆಕ್ಕ ನಮ್ಮೊಳಗೆ ಕೂತಿದೆ. ಹೆಣ್ಣು ಕೆಳಗಿದ್ದಾಳೆ ಎಂದು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಈ ಲೆಕ್ಕ ಸರಿ ಬರುತ್ತದೆ.

ನಾವೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ ಎಂದು ರಾಜಕಾರಣಿಗಳು ಗುಡುಗುತ್ತಾರೆ. ಕೆಲಸ ಮಾಡದ ಅಧಿಕಾರಿಗೆ ಪ್ರತಿಭಟನಾಕಾರರು ಸೀರೆ, ಬಳೆ ಕೊಟ್ಟು ಹಂಗಿಸುತ್ತಾರೆ. ಆ ಬಳೆ ತೊಟ್ಟ ಕೈಗಳೇ ಮನೆ ನಡೆಸುತ್ತಿವೆ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿವೆ, ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿವೆ. ಬಳೆ ಹೇಡಿತನದ ಗುರುತಾಗಿದ್ದರೆ, ಕರಗದಲ್ಲಿ ಕತ್ತಿ ಹಿಡಿದ ವೀರಕುಮಾರರು ಬಳೆ ತೊಟ್ಟವರ ಹಿಂದೆ ಇಡೀ ರಾತ್ರಿ ಯಾಕೆ ನಡೆಯಬೇಕು? ಬಳೆ ತೊಟ್ಟವರಲ್ಲಿ ಶಕ್ತಿಯನ್ನು ಕಂಡ ಊರು ನಮ್ಮದು. ವರ್ಷದ ಒಂದು ರಾತ್ರಿಗೆ ಇರುವ ಆ ಅರಿವು ಉಳಿದ ದಿನಗಳಿಗೂ ಬರಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಅಂಜನಾಪುರದ ನಮ್ಮ ಮನೆಗಳಿಂದಲೇ ಶುರು ಮಾಡಬಹುದು. ಮಗ ಬಳೆಗೆ ಕೈ ಚಾಚಿದಾಗ ಗದರಬೇಡಿ. ಶಾಲೆಯ ನಾಟಕದಲ್ಲಿ ಅವನಿಗೆ ದ್ರೌಪದಿಯ ಪಾತ್ರ ಬಂದರೆ ಹೆಮ್ಮೆಯಿಂದ ಸೀರೆ ಉಡಿಸಿ. ಬಾಡಿಗೆಗೆ ಬಂದವರ ನಡತೆ ವಿಚಾರಿಸಿ, ಉಡುಗೆ ವಿಚಾರಿಸಬೇಡಿ. ರೈಲಿನಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ‘ಫೋಟೊ ತೆಗೀಬೇಡಿ’ ಎಂದು ಗಟ್ಟಿಯಾಗಿ ಹೇಳಿ. ಬಳೆಯನ್ನು ಬೈಗುಳವಾಗಿ ಬಳಸುವುದನ್ನು ಇಂದೇ ನಿಲ್ಲಿಸಿ. ಇದರಿಂದ ಸೀರೆ ಉಟ್ಟ ಗಂಡಸರು ಮಾತ್ರವಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳೂ ತಲೆ ಎತ್ತಿ ನಡೆಯುತ್ತಾರೆ.