ಹುಟ್ಟಿದ ವಾರದಲ್ಲೇ ಮಗುವಿನ ತೂಕ ಇಳಿದರೆ ತಾಯಿಗೆ ಹಾಲು ಸಾಲದು ಎಂದರ್ಥವೇ?

‘ಹುಟ್ಟಿದಾಗ ಮೂರು ಕೆಜಿ ಇತ್ತು, ಮನೆಗೆ ಬರೋಷ್ಟರಲ್ಲಿ ಎರಡೂ ಮುಕ್ಕಾಲು ಆಗಿದೆ. ತಾಯಿಗೆ ಹಾಲು ಸಾಲ್ತಿಲ್ಲ, ಪೌಡರ್ ಹಾಲು ಶುರು ಮಾಡಿ.’ ಬಾಣಂತಿ ಇರುವ ಮನೆಯಲ್ಲಿ ಈ ಮಾತು ಹೊಸದಲ್ಲ. ಮೊದಲು ಅಕ್ಕಪಕ್ಕದವರು ಹೇಳುತ್ತಿದ್ದರು, ಈಗ ವಾಟ್ಸ್‌ಆ್ಯಪ್ ಕೂಡ ಹೇಳುತ್ತದೆ. ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪ್‌ಗಳನ್ನೇ ತೆಗೆದುಕೊಳ್ಳಿ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕೊಟ್ಟ ಊರುಗಳಿವು. ಮನೆಯೊಳಗೆ ಬಂಗಾಳಿ, ಹೊರಗೆ ಕನ್ನಡ. ಹಾಗಾಗಿ ಮಗುವಿನ ಬಗ್ಗೆ ಸಲಹೆಗಳೂ ಎರಡೆರಡು ಭಾಷೆಯಲ್ಲಿ ಬರುತ್ತವೆ. ಒಬ್ಬರು ಜೇನುತುಪ್ಪ ನೆಕ್ಕಿಸಿ ಎನ್ನುತ್ತಾರೆ, ಇನ್ನೊಬ್ಬರು ನೀರು ಕುಡಿಸಿ ಎನ್ನುತ್ತಾರೆ, ಮತ್ತೊಬ್ಬರು ಡಬ್ಬಿ ಹಾಲು ತರಲು ಹೇಳುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು ಕೂಡ ಇದೆ. ಆರೋಗ್ಯ ಮತ್ತು ಪೌಷ್ಟಿಕತೆಯಲ್ಲಿ ಹಿಂದುಳಿದಿರುವುದು ಅದಕ್ಕೆ ಒಂದು ಕಾರಣ. ಇಂಥ ಕಡೆ ಒಂದು ತಪ್ಪು ಸಲಹೆಯ ಬೆಲೆ ಹೆಚ್ಚು.

ತೂಕ ಇಳಿಯುವುದು ಏಕೆ?

ಮಗು ಹುಟ್ಟುವಾಗ ಮೈಯಲ್ಲಿ ಹೆಚ್ಚುವರಿ ನೀರಿನಂಶ ಇರುತ್ತದೆ. ಮೊದಲ ದಿನಗಳಲ್ಲಿ ಅದು ಮೂತ್ರವಾಗಿ ಹೊರಹೋಗುತ್ತದೆ. ಕರುಳಿನಲ್ಲಿ ತುಂಬಿದ್ದ ಕಪ್ಪು ಮಲವೂ ಹೊರಬರುತ್ತದೆ. ಇದೇ ಹೊತ್ತಿಗೆ ತಾಯಿಯಲ್ಲಿ ಬರುವ ಹಳದಿ ಬಣ್ಣದ ಮೊದಲ ಹಾಲು ಪ್ರಮಾಣದಲ್ಲಿ ಕಡಿಮೆ. ಅದು ಕೊರತೆಯಲ್ಲ, ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ರೋಗದ ವಿರುದ್ಧ ಹೋರಾಡುವ ಅಂಶಗಳು ತುಂಬಿರುವ ಈ ಹಾಲನ್ನು ಹಿಂಡಿ ಚೆಲ್ಲಬಾರದು. ಎರಡರಿಂದ ಐದನೇ ದಿನದೊಳಗೆ ಹಾಲು ಹೆಚ್ಚಾಗಿ ಇಳಿಯತೊಡಗುತ್ತದೆ.

ಹೀಗಾಗಿ ಮೊದಲ ಕೆಲವು ದಿನಗಳಲ್ಲಿ ಹುಟ್ಟುತೂಕದ ಶೇ. 7ರಿಂದ 10ರವರೆಗೆ ಇಳಿಯುವುದು ಸಾಮಾನ್ಯ. ಮೂರು ಕೆಜಿಯ ಮಗು 2.8 ಕೆಜಿಗೆ ಬಂದರೆ ಗಾಬರಿ ಬೇಡ. 2.7ಕ್ಕಿಂತ ಕೆಳಗೆ ಹೋದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಹೆಚ್ಚಿನ ಮಕ್ಕಳು 10ರಿಂದ 14 ದಿನದೊಳಗೆ ಹುಟ್ಟುತೂಕಕ್ಕೆ ಮರಳುತ್ತವೆ.

ಆಮೇಲೆ ಎಷ್ಟು ಏರಬೇಕು?

ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ. ಐದಾರು ತಿಂಗಳಿಗೆ ಹುಟ್ಟುತೂಕದ ಎರಡು ಪಟ್ಟು, ವರ್ಷಕ್ಕೆ ಸುಮಾರು ಮೂರು ಪಟ್ಟು.

ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಮೂರು ತಿಂಗಳ ಗಂಡುಮಗುವಿನ ಮಧ್ಯದ ತೂಕ 6.4 ಕೆಜಿ, ಹೆಣ್ಣುಮಗುವಿನದು 5.8 ಕೆಜಿ. ಅಂದರೆ ಪಕ್ಕದ ಮನೆಯ ಗಂಡುಮಗುವಿನ ಜೊತೆ ನಿಮ್ಮ ಮಗಳನ್ನು ಹೋಲಿಸುವುದೇ ತಪ್ಪು. ‘ಅದೆಲ್ಲ ಫಾರಿನ್ ಮಕ್ಕಳ ಲೆಕ್ಕ’ ಎನ್ನುವವರೂ ಇದ್ದಾರೆ. ಹಾಗೇನಿಲ್ಲ. ಆ ಅಧ್ಯಯನ ನಡೆದ ಆರು ದೇಶಗಳಲ್ಲಿ ಭಾರತವೂ ಒಂದು, ಇಲ್ಲಿನ ಮಕ್ಕಳು ದೆಹಲಿಯವರು.

ಮುಖ್ಯವಾದದ್ದು ಒಂದು ದಿನದ ಅಂಕಿಯಲ್ಲ, ಗೆರೆ. ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆಯ ನಕ್ಷೆಯಲ್ಲಿ ತಿಂಗಳು ತಿಂಗಳು ಚುಕ್ಕೆ ಇಟ್ಟು ಸೇರಿಸಿದರೆ ಗೆರೆ ಮೂಡುತ್ತದೆ. ಸಣ್ಣ ಮಗುವಿನ ಗೆರೆ ಕೆಳಗಿದ್ದರೂ ತನ್ನ ದಾರಿಯಲ್ಲಿ ಮೇಲೇರುತ್ತಿದ್ದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ಗುಂಡುಗುಂಡಗಿರುವ ಮಗುವಿನ ಗೆರೆ ಮಟ್ಟಸವಾದರೆ ಅಥವಾ ಕೆಳಗೆ ಬಾಗಿದರೆ ಎಚ್ಚರ ಬೇಕು.

ಹಾಲು ಸಾಕಾಗುತ್ತಿದೆ ಎಂದು ತಿಳಿಯುವುದು ಹೇಗೆ?

ಅಳು ಒಂದೇ ಅಳತೆಗೋಲಲ್ಲ. ಐದನೇ ದಿನದ ನಂತರ ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ, 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ.

ಎರಡು-ಮೂರನೇ ವಾರ ಮತ್ತು ಆರನೇ ವಾರದ ಸುಮಾರಿಗೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಗಂಟೆಗೊಮ್ಮೆ ಹಾಲಿಗೆ ಹಟ ಮಾಡುತ್ತವೆ. ಇದನ್ನೇ ‘ಹಾಲು ಬತ್ತಿತು’ ಎಂದುಕೊಳ್ಳುತ್ತೇವೆ. ನಿಜವಾಗಿ ಮಗು ಹೆಚ್ಚು ಚೀಪಿದಷ್ಟೂ ತಾಯಿಯ ದೇಹ ಹೆಚ್ಚು ಹಾಲು ತಯಾರಿಸುತ್ತದೆ. ಆ ಹೊತ್ತಿನಲ್ಲಿ ಬಾಟಲಿ ಕೊಟ್ಟರೆ ಮಗು ಚೀಪುವುದು ಕಡಿಮೆ, ಹಾಲೂ ಕಡಿಮೆ. ಇಲ್ಲದ ಕೊರತೆಯನ್ನು ನಾವೇ ತಂದುಕೊಂಡ ಹಾಗೆ. ಡಬ್ಬಿ ಬೇಗ ಮುಗಿಯದಿರಲಿ ಎಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಬೆರೆಸಿದರಂತೂ ಮಗು ಸೊರಗುತ್ತದೆ, ನೀರು ಶುದ್ಧವಿಲ್ಲದಿದ್ದರೆ ಭೇದಿಯೂ ಆಗುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಮಾಡುವುದನ್ನು ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ. ವೈದ್ಯರು ನೋಡಿ ಬರೆದುಕೊಟ್ಟಿದ್ದರೆ ಮಾತು ಬೇರೆ.

ಬೇಸಿಗೆಯಲ್ಲಿ ನೀರು ಬೇಡವೇ?

ಏಪ್ರಿಲ್-ಮೇ ತಿಂಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ಎದೆಹಾಲು ಕುಡಿಯುವ ಮಗುವಿಗೆ ಆರು ತಿಂಗಳು ತುಂಬುವವರೆಗೆ ನೀರು ಬೇಡ. ಎದೆಹಾಲಿನಲ್ಲಿ ಸುಮಾರು ಶೇ. 87 ನೀರೇ ಇದೆ. ಸೆಕೆಯಲ್ಲಿ ಹೆಚ್ಚು ಸಲ ಹಾಲು ಕೊಡಿ. ನೀರು ಕುಡಿಯಬೇಕಾದವಳು ತಾಯಿ. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ಕೊಡಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲದು.

ಬಂಗಾಳಿ ಮನೆಗಳ ‘ಮುಖೇ ಭಾತ್’ ಮತ್ತು ಕನ್ನಡದ ಮನೆಗಳ ಅನ್ನಪ್ರಾಶನ ಎರಡೂ ನಡೆಯುವುದು ಹೆಚ್ಚಾಗಿ ಆರನೇ ತಿಂಗಳ ಆಸುಪಾಸಿನಲ್ಲೇ. ವಿಜ್ಞಾನದ ಮಾತಿಗೂ ಇದು ಹತ್ತಿರ. ಶಾಸ್ತ್ರದ ದಿನ ಐದನೇ ತಿಂಗಳಿಗೆ ಬಂದರೂ ಊಟ ಶುರುವಾಗುವುದು ಆರು ತಿಂಗಳು ತುಂಬಿದ ಮೇಲಿರಲಿ.

ತೂಕದ ಜೊತೆ ಇನ್ನೇನು ನೋಡಬೇಕು?

ಎರಡು ತಿಂಗಳ ಹೊತ್ತಿಗೆ ಮಗು ನಿಮ್ಮ ಮುಖ ನೋಡಿ ನಗುತ್ತದೆ. ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ಆರು ತಿಂಗಳ ಹೊತ್ತಿಗೆ ಮಗುಚುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ. ಒಂದೆರಡು ವಾರ ಹಿಂದೆ-ಮುಂದೆ ಆಗಬಹುದು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಹೆರಿಗೆಯ ನಿರೀಕ್ಷಿತ ದಿನದಿಂದ ಲೆಕ್ಕ ಹಾಕಬೇಕು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

* ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ
* ಮೂತ್ರ ತೀರಾ ಕಡಿಮೆಯಾದರೆ
* ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ
* ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಿದ್ದರೆ, ಎದೆ ಒಳಗೆ ಸೆಳೆಯುತ್ತಿದ್ದರೆ
* ಅಂಗೈ, ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ
* ಎರಡು ವಾರವಾದರೂ ಹುಟ್ಟುತೂಕಕ್ಕೆ ಮರಳದಿದ್ದರೆ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ತೂಗಿ ನೋಡಬೇಕೆಂಬ ನಿಯಮವಿದೆ. ಇದಕ್ಕೆ ದುಡ್ಡಿಲ್ಲ. ಬರದಿದ್ದರೆ ಕರೆಯಿರಿ. ಕನ್ನಡ ಸರಿಯಾಗಿ ಬಾರದ ಬಾಣಂತಿಯಿದ್ದರೆ ಮನೆಯಲ್ಲಿ ಬಲ್ಲವರೊಬ್ಬರು ಜೊತೆಗೆ ಕೂತು ಹೇಳಿದ್ದನ್ನು ತಿಳಿಸಿ.

ಇನ್ನೊಮ್ಮೆ ‘ಹಾಲು ಸಾಲದು’ ಎಂಬ ಸಂದೇಶ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ತಾಯಿ ಕಾರ್ಡ್‌ನ ಗೆರೆ ಏನು ಹೇಳುತ್ತದೆ?