ಬುರುಡೆ ದೀಪದ ಬೆಳಕು: ಇಂಡಿ ಸೀಮೆಯ ಮನೆಗಳನ್ನು ಕುರಿತು ಒಂದು ವಿವೇಚನೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳೆಯ ಮನೆಗಳು ಬಿಸಿಲನ್ನು ಹೊರಗಿಡುವುದಕ್ಕೆಂದೇ ಕಟ್ಟಿದಂಥವು. ಗೋಡೆ ದಪ್ಪ, ಕಿಟಕಿ ಸಣ್ಣದು, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಒಂದೆರಡು ಬೆಳಕಿಂಡಿ. ಇಂಥ ಮನೆಯ ಒಳಕೋಣೆಗೆ ಹಗಲಿನಲ್ಲಿಯೂ ದೀಪ ಬೇಕಾಗುವುದುಂಟು. ಆದುದರಿಂದ ಯಾವ ದೀಪ ಮೇಲು ಎಂಬ ಪ್ರಶ್ನೆ ಇಲ್ಲಿ ಬರಿಯ ಅಲಂಕಾರದ್ದಲ್ಲ. ಎಲ್‌ಇಡಿ ದೀಪ ಎಲ್ಲೆಡೆ ಹರಡಿದ ಮೇಲೂ ಹಳೆಯ ತಂತು ಬುರುಡೆಯೇ ಕಣ್ಣಿಗೆ ಹಿತವೆನ್ನುವವರಿದ್ದಾರೆ. ಇದನ್ನು ಹಳಮೆಯ ಮೋಹವೆಂದು ತಳ್ಳಿಹಾಕುವುದು ಯುಕ್ತವಲ್ಲವೆಂದು ನಮಗೆ ತೋರುತ್ತದೆ. ಆ ಮಾತಿನಲ್ಲಿ ಭೌತಶಾಸ್ತ್ರಕ್ಕೆ ಸಮ್ಮತವಾದ ಅಂಶವೆಷ್ಟು ಎಂಬುದೇ ಪ್ರಕೃತ ಲೇಖನದ ವಿಷಯ.

ಬುರುಡೆಯೊಳಗಿನ ಟಂಗ್‌ಸ್ಟನ್ ತಂತು ಸುಮಾರು 2700 ಕೆಲ್ವಿನ್ ಉಷ್ಣತೆಗೆ ಕಾಯ್ದು ಬೆಳಗುತ್ತದೆ. ಕಾಯ್ದ ವಸ್ತುವಿನ ಬೆಳಕಿನಲ್ಲಿ ಕೆಂಪಿನಿಂದ ನೇರಿಳೆಯವರೆಗಿನ ಎಲ್ಲ ಬಣ್ಣಗಳೂ ಎಡೆಬಿಡದೆ ಇರುತ್ತವೆ. ಕೆಂಪು ಹೆಚ್ಚು, ನೀಲಿ ಕಡಿಮೆ. ಎಲ್‌ಇಡಿಯ ರೀತಿ ಬೇರೆ. ಅದರ ಅರೆವಾಹಕದ ತುಣುಕು ಹೊಮ್ಮಿಸುವುದು ಸುಮಾರು 450 ನ್ಯಾನೊಮೀಟರಿನ ನೀಲಿ ಬೆಳಕನ್ನು. ಅದರ ಒಂದು ಪಾಲನ್ನು ಮೇಲಿನ ಹಳದಿ ಲೇಪ ಹೀರಿ ಹಳದಿಯಾಗಿ ಹೊರಗೆಡಹುತ್ತದೆ. ಎರಡೂ ಬೆರೆತಾಗ ಕಣ್ಣಿಗೆ ಬಿಳಿಯೆನಿಸುತ್ತದೆ. ಆದರೆ ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪಿನ ಭಾಗ ತೀರ ಕೃಶವಾಗಿರುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗನ್ನು ಇಂಥ ದೀಪದ ಕೆಳಗೆ ಹಿಡಿದು ನೋಡಿದರೆ ಅದು ಮಂಕಾಗಿ ಕಾಣುವುದು ಇದರಿಂದಲೇ. ಬುರುಡೆಯ ಕೆಳಗೆ ಅದೇ ಸೆರಗು ಜೀವ ತಳೆಯುತ್ತದೆ. ಮೇಲಾಗಿ, ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಅಚ್ಚ ಬಿಳಿಯ ದೀಪ 6500 ಕೆಲ್ವಿನ್ ವರ್ಗದ್ದು. ಅದರ ನೀಲಿಯ ಅಂಶ ರಾತ್ರಿ ನಿದ್ರೆಯನ್ನು ತರುವ ಮೆಲಟೋನಿನ್ ರಸದ ಸ್ರಾವವನ್ನು ತಡೆಯಬಲ್ಲದು. ಇಷ್ಟರಮಟ್ಟಿಗೆ ಹಿರಿಯರ ದೂರು ನಿಜ. ಆದರೆ ಆ ದೂರು ಸಲ್ಲುವುದು ಒಂದು ಬಗೆಯ ಎಲ್‌ಇಡಿಗೆ ಮಾತ್ರ. 2700 ಕೆಲ್ವಿನ್ನಿನ, ಬಣ್ಣಗಳನ್ನು ಚೆನ್ನಾಗಿ ತೋರುವ ಎಲ್‌ಇಡಿಗೆ ಅದು ಬಹುಮಟ್ಟಿಗೆ ತಟ್ಟುವುದಿಲ್ಲ.

ಇನ್ನು ವೆಚ್ಚದ ಮಾತು. ಬುರುಡೆಗೆ ಹರಿದ ವಿದ್ಯುತ್ತಿನಲ್ಲಿ ಕಾಣುವ ಬೆಳಕಾಗುವುದು ಶೇಕಡಾ 5ರಿಂದ 10ರಷ್ಟು ಮಾತ್ರ, ಉಳಿದುದೆಲ್ಲ ಶಾಖ. ಇದೇ ಸೀಮೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಅಲ್ಲಿ ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಐದರಲ್ಲಿ ಎರಡು ಪಾಲಷ್ಟೇ ವಿದ್ಯುತ್ತಾಗುವುದೆಂಬುದನ್ನು ಲೆಕ್ಕಕ್ಕೆ ಹಿಡಿದರೆ, ಬುರುಡೆಯ ಬೆಳಕಾಗಿ ಮನೆ ಸೇರುವುದು ನೂರರಲ್ಲಿ ಎರಡು ಮೂರು ಪಾಲು. ನಲವತ್ತು ಡಿಗ್ರಿ ದಾಟುವ ಬೇಸಗೆಯ ಸಂಜೆ ಮುಚ್ಚಿದ ಕೋಣೆಯಲ್ಲಿ ಆ ಶಾಖ ಯಾರಿಗೂ ಬೇಡ. ಚಳಿಗಾಲದಲ್ಲಿ ಕೋಳಿಮರಿಗಳನ್ನು ಬೆಚ್ಚಗಿಡುವವರಿಗೆ ಮಾತ್ರ ಬುರುಡೆಯೇ ಬೇಕು, ಅದು ಬೇರೆ ಮಾತು.

1979ರಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆ ಬಡವರ ಗುಡಿಸಲಿಗೆ ಒಂದು ದೀಪವನ್ನು ಕೊಟ್ಟಿತು. ಮುಂದೆ ಅದರ ಬಳಕೆಗೆ ತಿಂಗಳಿಗೆ 18 ಯುನಿಟ್‌ಗಳ ಮಿತಿ ಬಹುಕಾಲ ಇದ್ದಿತು. 60 ವ್ಯಾಟಿನ ಎರಡು ಬುರುಡೆಗಳನ್ನು ದಿನಕ್ಕೆ 5 ಗಂಟೆ ಉರಿಸಿದರೆ ಆ ಮಿತಿ ಅಲ್ಲಿಗೇ ತೀರುತ್ತದೆ. ಅಷ್ಟೇ ಬೆಳಕನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕೊಡುವ 9 ವ್ಯಾಟಿನ ಎರಡು ಎಲ್‌ಇಡಿಗಳಿಗೆ ಬೇಕಾಗುವುದು 2.7 ಯುನಿಟ್. 2015ರಲ್ಲಿ 'ಹೊಸ ಬೆಳಕು' ಯೋಜನೆಯಡಿ ಅಗ್ಗದ ಬೆಲೆಗೆ ಎಲ್‌ಇಡಿಗಳನ್ನು ಹಂಚಿದುದರ ಹಿನ್ನೆಲೆ ಇದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯುನಿಟ್‌ಗಳ ಒಳಗೆ, ಹಿಂದಿನ ಬಳಕೆಯ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಪ್ರಮಾಣವನ್ನು ನಿಗದಿ ಮಾಡಲಾಯಿತು. ಮೊದಲೇ ಎಲ್‌ಇಡಿ ಹಾಕಿ ಮಿತವಾಗಿ ಬಳಸಿದವನಿಗೆ ಇದರಿಂದ ಕಡಿಮೆ ಪಾಲು ಬಂದಿತೆಂಬುದು ಗಮನಿಸತಕ್ಕ ಸಂಗತಿ.

ಹಳ್ಳಿಯ ಮಟ್ಟಿಗೆ ನಿರ್ಣಾಯಕವಾದುದು ವೋಲ್ಟೇಜಿನ ವಿಚಾರವೆಂದು ನಾವು ಭಾವಿಸುತ್ತೇವೆ. ಬುರುಡೆಯ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 230 ವೋಲ್ಟಿನ ಬದಲು 180 ಬಂದರೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿದು ತಂತು ಕೆಂಪಗೆ ಮಿಣುಕುತ್ತದೆ. ಪಂಪುಸೆಟ್ಟುಗಳ ಮಾರ್ಗದಲ್ಲಿಯೇ ಮನೆಗಳೂ ಇದ್ದ ಕಾಲದಲ್ಲಿ, ಎಂದರೆ ನಿರಂತರ ಜ್ಯೋತಿ ಯೋಜನೆ ಅವೆರಡನ್ನೂ ಬೇರ್ಪಡಿಸುವುದಕ್ಕೆ ಮುಂಚೆ, ಓದುವ ಮಕ್ಕಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ವೋಲ್ಟೇಜು ಶೇಕಡಾ 5 ಏರಿದರೆ ತಂತುವಿನ ಆಯುಷ್ಯ ಅರ್ಧದಷ್ಟಾಗುತ್ತದೆ. ಒಳ್ಳೆಯ ನಿಯಂತ್ರಕವುಳ್ಳ ಎಲ್‌ಇಡಿ ಇಂಥ ಏರಿಳಿತವನ್ನು ಲೆಕ್ಕಿಸದೆ ಒಂದೇ ಸಮನೆ ಬೆಳಗುತ್ತದೆ. ಅಗ್ಗದ್ದರ ನಿಯಂತ್ರಕವೇ ಮೊದಲು ಕೆಡುತ್ತದೆ. 25,000 ಗಂಟೆಯ ಭರವಸೆ ಆಗ ಬರಿಯ ಪೆಟ್ಟಿಗೆಯ ಮೇಲಿನ ಬರಹ.

ಆದುದರಿಂದ ಜಗುಲಿಯ ದೇವರ ಮುಂದೆ ಒಂದು ಸಣ್ಣ ಬುರುಡೆಯನ್ನು ಉಳಿಸಿಕೊಂಡವರ ಮೇಲೆ ನಮ್ಮ ಆಕ್ಷೇಪವಿಲ್ಲ. ಅಡುಗೆಮನೆಗೂ ಓದುವ ಸ್ಥಳಕ್ಕೂ ಮಾತ್ರ 2700–3000 ಕೆಲ್ವಿನ್ನಿನ ಎಲ್‌ಇಡಿಯನ್ನೇ ಆರಿಸುವುದು ಲೇಸು. ಕೊಳ್ಳುವಾಗ ಮಿಣುಕನ್ನೂ ಪರೀಕ್ಷಿಸಬಹುದು. ದೀಪದ ಎದುರು ಬಿಳಿಯ ಕಡ್ಡಿಯೊಂದನ್ನು ಬೇಗ ಬೇಗ ಬೀಸಿದಾಗ ಅದು ಬಿಡಿಬಿಡಿಯಾದ ಹಲವು ಕಡ್ಡಿಗಳಂತೆ ಕಂಡರೆ, ಆ ದೀಪ ಸೆಕೆಂಡಿಗೆ 100 ಸಲ ನಂದಿ ಹೊತ್ತುತ್ತಿದೆಯೆಂದು ತಿಳಿಯಬೇಕು. ಬುರುಡೆಯ ತಂತು ಅಷ್ಟು ಬೇಗ ಆರಲಾರದಾದುದರಿಂದ ಅದರ ಮುಂದೆ ಕಡ್ಡಿಯ ಜಾಡು ಬಹುಮಟ್ಟಿಗೆ ಅಖಂಡವಾಗಿಯೇ ಕಾಣುತ್ತದೆ.